ಹಣದ ಹರಿವು, ತರಬೇತುದಾರನ ಕುರ್ಚಿ: ಬೆಂಗಳೂರು ಫುಟ್‌ಬಾಲ್ ಸಾಗಿದ ಹಾದಿ

ಚಿಂತಾಮಣಿ: ಫುಟ್‌ಬಾಲ್ ಎಂದೊಡನೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಯುವಕರಿಗೆ ಇಂದು ಮೊದಲು ನೆನಪಾಗುವುದು ಮ್ಯಾಂಚೆಸ್ಟರ್, ಚೆಲ್ಸಿ, ಬಾರ್ಸಿಲೋನಾ ತಂಡಗಳು. ಕ್ಲಬ್‌ಗಳನ್ನು ಹಣ ಹೇಗೆ ಬದಲಿಸಿತು, ಯಾರನ್ನು ತರಬೇತುದಾರನ ಕುರ್ಚಿಯಲ್ಲಿ ಕೂರಿಸಿತು, ಯಾರನ್ನು ಇಳಿಸಿತು ಎಂಬುದನ್ನು ಅರಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಯ ಹಾದಿಯ ಬೆಂಗಳೂರಿನಲ್ಲೇ ಆ ಕಥೆಯ ಎಲ್ಲ ಅಧ್ಯಾಯಗಳೂ ನಡೆದಿವೆ.

ಮೊದಲಿಗೆ ಒಂದು ಪದದ ಗೊಂದಲ. ಇಂಗ್ಲೆಂಡಿನಲ್ಲಿ 'ಮ್ಯಾನೇಜರ್' ಎಂದರೆ ತಂಡವನ್ನು ಆರಿಸುವ, ಆಡಿಸುವ, ಸೋಲಿಗೆ ತಲೆಕೊಡುವ ವ್ಯಕ್ತಿ. ನಮ್ಮಲ್ಲಿ ಬಹುಕಾಲ 'ತಂಡದ ಮ್ಯಾನೇಜರ್' ಎಂದರೆ ರೈಲಿನ ಟಿಕೆಟ್ ಕಾದಿರಿಸಿ, ಆಟಗಾರರಿಗೆ ಭತ್ಯೆ ಹಂಚುವ ಪದಾಧಿಕಾರಿ. ಇಂಗ್ಲೆಂಡಿನ ಮ್ಯಾನೇಜರನ ಹೊಣೆಯನ್ನು ಇಲ್ಲಿ ಹೊತ್ತವರು ತರಬೇತುದಾರರು.

ನೌಕರಿಯೇ ಸಂಭಾವನೆ

ಬೆಂಗಳೂರಿನ ಫುಟ್‌ಬಾಲ್ ಪರಂಪರೆ ದೊಡ್ಡದು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಅನ್ನು ಬೆಂಗಳೂರ್ ಮುಸ್ಲಿಮ್ಸ್ ತಂಡ ಗೆದ್ದಾಗ, ಆ ಟ್ರೋಫಿ ಮೊದಲ ಬಾರಿಗೆ ಭಾರತೀಯ ತಂಡವೊಂದರ ಪಾಲಾಯಿತು. ಮರುವರ್ಷವೂ ಅದೇ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಬಳಿಕ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಪ್ರಸಿದ್ಧ 'ಪಂಚ ಪಾಂಡವ'ರಲ್ಲಿ ಒಬ್ಬರಾದರು. ಪ್ರತಿಭೆ ಇಲ್ಲಿ ಹುಟ್ಟಿ, ಅವಕಾಶವಿದ್ದೆಡೆಗೆ ಹೊರಡುವುದು ಅಂದಿನಿಂದಲೂ ಇದ್ದದ್ದೇ.

ಸ್ವಾತಂತ್ರ್ಯಾನಂತರ ಆ ವಲಸೆಯನ್ನು ಒಂದಿಷ್ಟು ತಡೆದದ್ದು ಸಾರ್ವಜನಿಕ ಉದ್ಯಮಗಳು. ಐಟಿಐ, ಎಚ್‌ಎಎಲ್‌ನಂತಹ ಕಾರ್ಖಾನೆಗಳು ಮತ್ತು ಸೇನೆಯ ಎಂಇಜಿ ತಂಡ ದಶಕಗಳ ಕಾಲ ನಗರದ ಲೀಗ್‌ಗೆ ಆಧಾರವಾಗಿದ್ದವು. ಆಟಗಾರನಿಗೆ ಕ್ರೀಡಾ ಕೋಟಾದಡಿ ಕಾಯಂ ಕೆಲಸ, ಸಂಜೆ ಅಭ್ಯಾಸಕ್ಕೆ ರಿಯಾಯಿತಿ, ಕೊನೆಗೆ ನಿವೃತ್ತಿ ವೇತನ. ತರಬೇತುದಾರನೂ ಸಾಮಾನ್ಯವಾಗಿ ಅದೇ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾಜಿ ಆಟಗಾರ. ತಂಡ ಸೋತರೆ ಆತ ತನ್ನ ವಿಭಾಗದ ಮೇಜಿಗೆ ಮರಳುತ್ತಿದ್ದನೇ ಹೊರತು ಬೀದಿಗೆ ಬೀಳುತ್ತಿರಲಿಲ್ಲ. ಈ ವ್ಯವಸ್ಥೆಯ ದೌರ್ಬಲ್ಯವೂ ಅಲ್ಲೇ ಇತ್ತು. ಸೋಲಿಗೆ ಬೆಲೆಯಿಲ್ಲದ ಕಡೆ ಹೊಸ ವಿದ್ಯೆ ಕಲಿಯುವ ತುರ್ತೂ ಕಡಿಮೆ.

1990ರ ದಶಕದ ಆರ್ಥಿಕ ಉದಾರೀಕರಣದ ನಂತರ ಇಂತಹ ನೇಮಕಾತಿಗಳು ಕ್ಷೀಣಿಸಿದವು. 2010ರಲ್ಲಿ ಬಡ್ತಿ ಪಡೆದು ಐ-ಲೀಗ್ ಪ್ರವೇಶಿಸಿದ ಎಚ್‌ಎಎಲ್, ಎರಡೇ ಋತುಗಳಲ್ಲಿ, 2012ರಲ್ಲಿ, ಹಿಂಬಡ್ತಿ ಹೊಂದಿತು. ದೇಶದ ಇತರೆಡೆಯೂ ಕಂಪನಿ ತಂಡಗಳ ಕಾಲ ಮುಗಿಯುತ್ತಿತ್ತು. ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಮುಚ್ಚಿದವು.

ಉಕ್ಕಿನ ಹಣ

ಜಿಂದಾಲ್ ಸಮೂಹದ ಜೆಎಸ್‌ಡಬ್ಲ್ಯು 2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಬೃಹತ್ ಉಕ್ಕಿನ ಸ್ಥಾವರವುಳ್ಳ ಈ ಸಮೂಹಕ್ಕೆ ಐ-ಲೀಗ್‌ಗೆ ನೇರ ಪ್ರವೇಶ ದೊರೆಯಿತು. ಕೆಳಗಿನ ಮೆಟ್ಟಿಲುಗಳನ್ನು ಹತ್ತದೆ ಮೇಲಂತಸ್ತಿಗೆ ಬಂದ ತಂಡದ ಬಗ್ಗೆ ಹಳೆಯ ಕ್ಲಬ್‌ಗಳಿಗೆ ಅಸಮಾಧಾನವಿದ್ದರೆ ಅದು ಸಹಜ. ಆದರೆ ಆ ಹಣ ಖರ್ಚಾದ ರೀತಿ ಗಮನಾರ್ಹ. ಮೊದಲ ತರಬೇತುದಾರರಾಗಿ ಬಂದವರು ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಆಂಗ್ಲ ಆಟಗಾರ ಆಶ್ಲಿ ವೆಸ್ಟ್‌ವುಡ್. ದೈಹಿಕ ಕ್ಷಮತೆ, ಆಹಾರಕ್ರಮ, ವಿಡಿಯೊ ವಿಶ್ಲೇಷಣೆಗಳಲ್ಲಿ ಅವರದು ಕಟ್ಟುನಿಟ್ಟಿನ ಶಿಸ್ತು. ತಂಡ ಚೊಚ್ಚಲ ಋತುವಿನಲ್ಲೇ, 2013-14ರಲ್ಲಿ, ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೊಮ್ಮೆ.

ಬಳಿಕದ ಆಯ್ಕೆ ಇನ್ನೂ ದೊಡ್ಡ ಹೆಸರಿನದು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬಂದರು. ಅದೇ ವರ್ಷದ ನವೆಂಬರ್‌ನಲ್ಲಿ ತಂಡ ಎಎಫ್‌ಸಿ ಕಪ್ ಫೈನಲ್ ಆಡಿತು. ದೋಹಾದಲ್ಲಿ ಇರಾಕ್‌ನ ಅಲ್-ಕುವಾ ಅಲ್-ಜಾವಿಯಾ ಎದುರು 0-1ರಿಂದ ಸೋತರೂ, ಆ ಹಂತ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2017ರಲ್ಲಿ ಕ್ಲಬ್ ಇಂಡಿಯನ್ ಸೂಪರ್ ಲೀಗ್‌ಗೆ ಜಿಗಿಯಿತು. ರೋಕಾ ನಿರ್ಗಮಿಸಿದಾಗ ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್‌ಗೆ ಹೊಣೆ ವಹಿಸಲಾಯಿತು. 2019ರ ಮಾರ್ಚ್‌ನಲ್ಲಿ ಎಫ್‌ಸಿ ಗೋವಾವನ್ನು ಮಣಿಸಿ ತಂಡ ಐಎಸ್‌ಎಲ್ ಪ್ರಶಸ್ತಿ ಗೆದ್ದಿತು. ಒಳಗಿನವನನ್ನೇ ಬೆಳೆಸಿದ ಈ ಆಯ್ಕೆ ಕ್ಲಬ್‌ನ ಅತ್ಯುತ್ತಮ ನಿರ್ಧಾರವೆಂಬುದು ಈ ಲೇಖಕನ ಅಭಿಪ್ರಾಯ.

ತಾಳ್ಮೆ ಕ್ರಮೇಣ ಕರಗಿತು. ಸತತ ಸೋಲುಗಳ ಬೆನ್ನಿಗೆ 2021ರ ಜನವರಿಯಲ್ಲಿ ಕ್ವಾದ್ರಾತ್ ಹೊರನಡೆದರು. ನೌಷಾದ್ ಮೂಸಾ ಹಂಗಾಮಿಯಾಗಿ ತಂಡವನ್ನು ನಡೆಸಿದ ಮೇಲೆ ಜರ್ಮನಿಯ ಮಾರ್ಕೊ ಪೆಟ್ಸಾಯುಯೊಲಿ, 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್, 2023ರ ಡಿಸೆಂಬರ್‌ನಲ್ಲಿ ಸ್ಪೇನಿನ ಜೆರಾರ್ಡ್ ಸರಗೋಸಾ ಬಂದರು. ಗ್ರೇಸನ್ ಡುರಾಂಡ್ ಕಪ್ ಗೆದ್ದುಕೊಟ್ಟು, 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್‌ಗೂ ಒಯ್ದಿದ್ದರು. ಒಂಬತ್ತು ತಿಂಗಳಲ್ಲಿ ಅವರ ಕುರ್ಚಿ ಹೋಯಿತು. ಐಎಸ್‌ಎಲ್‌ನಲ್ಲಿ ಆಗ ಹಿಂಬಡ್ತಿಯ ಭಯವೂ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ವಿದೇಶಗಳಲ್ಲಿ ಇದು ಹಳೆಯ ಸಂಗತಿ. ರೋಮನ್ ಅಬ್ರಮೋವಿಚ್ 2003ರಲ್ಲಿ ಚೆಲ್ಸಿಯನ್ನು ಕೊಂಡ ಮರುವರ್ಷವೇ, ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದಿದ್ದ ಕ್ಲಾಡಿಯೊ ರಾನಿಯೇರಿ ಹೋಗಿ ಜೋಸ್ ಮೊರಿನ್ಯೊ ಬಂದರು. ಆರ್ಸೆನಲ್‌ನಲ್ಲಿ ಆರ್ಸೆನ್ ವೆಂಗರ್ ಇಪ್ಪತ್ತೆರಡು ವರ್ಷ ಉಳಿದಂತಹ ಉದಾಹರಣೆ ಮುಂದೆ ಸಿಗುವುದು ಕಷ್ಟ. ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಸಮೂಹ 2019ರಲ್ಲಿ ಮುಂಬಯಿ ಸಿಟಿಯ ಶೇ. 65ರಷ್ಟು ಪಾಲು ಕೊಂಡ ನಂತರ, ಅದೇ ಸಮೂಹದ ಮೆಲ್ಬರ್ನ್ ತಂಡದಲ್ಲಿದ್ದ ಡೆಸ್ ಬಕಿಂಗ್‌ಹ್ಯಾಮ್ 2021ರಲ್ಲಿ ಮುಂಬಯಿಗೆ ಬಂದರು. ಬ್ಯಾಂಕ್ ನೌಕರರ ವರ್ಗಾವಣೆಯನ್ನು ನೆನಪಿಸುವ ಪದ್ಧತಿಯಿದು.

ಹದಿನಾಲ್ಕು ದಿನಗಳ ಅಂತರ

ನಮ್ಮವರಿಗೆ ಆ ಕುರ್ಚಿ ಸಿಕ್ಕಿದೆಯೇ? ಖಾಲಿದ್ ಜಮೀಲ್ 2017ರಲ್ಲಿ ಮಿಜೋರಾಮಿನ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟರು. ಆದರೂ ಐಎಸ್‌ಎಲ್ ತಂಡವೊಂದರ ಕಾಯಂ ಮುಖ್ಯ ತರಬೇತುದಾರನಾದ ಮೊದಲ ಭಾರತೀಯ ಎನಿಸಲು 2021ರವರೆಗೆ ಕಾಯಬೇಕಾಯಿತು. 2025ರಲ್ಲಿ ಅವರು ರಾಷ್ಟ್ರೀಯ ತಂಡದ ಹೊಣೆ ಹೊತ್ತರು.

ರಾಜ್ಯದ ಮಟ್ಟಿಗೆ 2023ರ ಮಾರ್ಚ್ ಉಲ್ಲೇಖನೀಯ. ಆ ತಿಂಗಳ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯಕ್ಕೆ 'ಮೈಸೂರು' ಎಂಬ ಹೆಸರಿದ್ದ 1968-69ರ ನಂತರದ ಮೊದಲ ಗೆಲುವು ಅದು. ತರಬೇತುದಾರ ನಮ್ಮವರೇ ಆದ ರವಿಬಾಬು ರಾಜು. ಹದಿನಾಲ್ಕು ದಿನಗಳ ನಂತರ, 18ರಂದು, ಅದಕ್ಕಿಂತ ಎಷ್ಟೋ ಪಟ್ಟು ವೆಚ್ಚದ ಬೆಂಗಳೂರು ಎಫ್‌ಸಿ ಗೋವಾದಲ್ಲಿ ಎಟಿಕೆ ಮೋಹನ್ ಬಾಗನ್ ಎದುರು ಪೆನಾಲ್ಟಿಯಲ್ಲಿ ಸೋತಿತು. ಎರಡೂ ಸ್ಪರ್ಧೆಗಳ ಮಟ್ಟ ಬೇರೆ. ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಆದರೆ ಪತ್ರಿಕೆಗಳ ಪುಟದಲ್ಲಿ ಯಾವುದಕ್ಕೆ ಎಷ್ಟು ಜಾಗ ದೊರೆಯಿತು ಎಂಬುದು ಓದುಗರಿಗೆ ನೆನಪಿರಬಹುದು.

ಹಣ ಬಂದ ದಾರಿಯಲ್ಲೇ ನಿಲ್ಲಲೂಬಹುದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಐಎಂಜಿ-ರಿಲಯನ್ಸ್ ಜೊತೆ ಮಾಡಿಕೊಂಡ 15 ವರ್ಷಗಳ, 700 ಕೋಟಿ ರೂಪಾಯಿಯ ಒಪ್ಪಂದದ ಅವಧಿ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ನವೀಕರಣ ಕಗ್ಗಂಟಾಗಿ, ಜುಲೈನಲ್ಲಿ ಐಎಸ್‌ಎಲ್ ಋತುವಿಗೆ ತಡೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಷ್ಟೇ ತಂಡ ಐಎಸ್‌ಎಲ್ ಫೈನಲ್ ಆಡಿತ್ತು. ಕಾರ್ಖಾನೆಯ ಹಾಜರಿ ಪುಸ್ತಕದ ದಿನಗಳಲ್ಲಿ ಇಂತಹ ಪ್ರಕಟಣೆಯನ್ನು ಯಾರೂ ಊಹಿಸಿರಲಾರರು.

ತರಬೇತುದಾರನಾಗ ಬಯಸುವವರಿಗೆ ಹಾದಿ ಈಗ ಲಿಖಿತವಾಗಿದೆ. ಫೆಡರೇಷನ್ನಿನ 'ಡಿ' ಪರವಾನಗಿಯಿಂದ ಆರಂಭಿಸಿ ಸಿ, ಬಿ, ಎ ಹಂತಗಳನ್ನು ದಾಟಿ 'ಪ್ರೊ' ಪರವಾನಗಿ ಪಡೆಯಬೇಕು. ಉನ್ನತ ಲೀಗ್‌ನ ಮುಖ್ಯ ಹುದ್ದೆಗೆ ಕೇಳುವುದು ಈ ಕೊನೆಯದನ್ನೇ. ಒಂದೊಂದು ಹಂತಕ್ಕೂ ಶುಲ್ಕವುಂಟು, ರಜೆ ಹಾಕಿ ಶಿಬಿರದಲ್ಲಿ ಉಳಿಯಬೇಕಾದ ದಿನಗಳುಂಟು. ಚಿಂತಾಮಣಿಯ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಮನಸ್ಸು ಮಾಡಿದರೆ ಮೊದಲು ಅರ್ಜಿ ಹಾಕಬೇಕಾದದ್ದು 'ಡಿ' ಪರವಾನಗಿಗೆ.