ಬಿಕ್ಕಲಂ: ಬರೆದುಕೊಟ್ಟವರ ಕಥೆ

ಕನ್ನಡ ನಾಡಿನ ಹಳೆಯ ಖರೀದಿ ಪತ್ರ, ವಾಟಣಿ ಪತ್ರಗಳ ಕೊನೆಯಲ್ಲಿ ಸಾಕ್ಷಿದಾರರ ಸಹಿಗಳ ಬಳಿ ‘ಬಿಕ್ಕಲಂ’ ಎಂಬ ಮಾತು ಕಾಣಸಿಗುತ್ತದೆ. ಪಾರಸಿ ಮೂಲದ ಈ ಶಬ್ದಕ್ಕೆ ಇಂಥವರ ಲೇಖನಿಯಿಂದ ಬರೆದದ್ದು ಎಂದು ಅರ್ಥ. ಶಬ್ದ ಪರಕೀಯವಾದರೂ ಪದ್ಧತಿ ನಮ್ಮದೇ. ನಮ್ಮ ಅಣ್ಣಿಗೇರಿ ಶಾಸನಗಳ ಊರು. ಶಾಸನಗಳ ಕೊನೆಗೆ ಬರೆದವನ ಮತ್ತು ಕಂಡರಿಸಿದವನ ಹೆಸರು ಹಾಕುವ ರೂಢಿ ಪ್ರಾಚೀನವಾದುದು. ಬರೆದವನೂ ಮಾತಿಗೆ ಹೊಣೆಗಾರ ಎಂಬ ತಿಳಿವಳಿಕೆ ಅದರ ಹಿಂದೆ ಇದೆ.

ನಮ್ಮ ಸೀಮೆಯಲ್ಲಿ ಬಹುಕಾಲ ಊರಿನ ಬರಹವೆಲ್ಲ ಕುಲಕರ್ಣಿಯ ಕೈಯಲ್ಲಿತ್ತು. ಮೈಸೂರು ಕಡೆ ಶಾನುಭೋಗ ಮಾಡುತ್ತಿದ್ದುದನ್ನೇ ಇಲ್ಲಿ ಆತ ಮಾಡುತ್ತಿದ್ದ. ಪೇಶ್ವೆಯರ ಆಳ್ವಿಕೆಯ ಪ್ರಭಾವದಿಂದ ಲೆಕ್ಕಪತ್ರಗಳಲ್ಲಿ ಮರಾಠಿ ಮತ್ತು ಮೋಡಿ ಲಿಪಿ ನೆಲೆಯೂರಿದ್ದವು. ಕನ್ನಡ ಮಾತನಾಡುವ ಒಕ್ಕಲಿಗನ ಹೊಲದ ಹಣೆಬರಹ ಅವನಿಗೆ ತಿಳಿಯದ ಭಾಷೆ, ತಿಳಿಯದ ಲಿಪಿಯಲ್ಲಿ ಇರುತ್ತಿತ್ತು. ಬ್ರಿಟಿಷರ ಕಾಲದಲ್ಲಿ ನವಲಗುಂದ, ಕಲಘಟಗಿಗಳು ಮುಂಬಯಿ ಇಲಾಖೆಗೂ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ದೊರೆ ಯಾರೇ ಇರಲಿ, ಹೆಬ್ಬೆಟ್ಟು ಒತ್ತುವವನ ಪಾಡು ಒಂದೇ.

ಕಾನೂನುಗಳು ಬಂದಂತೆ ಕಾಗದದ ಬಲ ಹೆಚ್ಚಿತು. 1882ರ ಆಸ್ತಿ ವರ್ಗಾವಣೆ ಕಾಯದೆ, 1899ರ ಸ್ಟಾಂಪ್ ಕಾಯದೆ, 1908ರ ನೋಂದಣಿ ಕಾಯದೆಗಳಿಂದಾಗಿ ನೂರು ರೂಪಾಯಿ ಬೆಲೆಯ ಹೊಲವೂ ಬರೆದು ನೋಂದಾಯಿಸದೆ ಕೈ ಬದಲಾಗದಾಯಿತು. ಓದಲಾರದವನಿಗೆ ಇದರಿಂದ ಒದಗುವ ಅಪಾಯವನ್ನು 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ತೋರಿಸಿಕೊಟ್ಟರು. ಅವರ ಸಿಟ್ಟು ಮುಖ್ಯವಾಗಿ ತಿರುಗಿದ್ದು ಸಾಹುಕಾರರ ಪ್ರಾಣದ ಮೇಲಲ್ಲ, ಸಾಲಪತ್ರಗಳ ಮೇಲೆ. ಅವನ್ನು ಕಸಿದು ಸುಟ್ಟರು. 1879ರ ದಖ್ಖನ್ ರೈತರ ಪರಿಹಾರ ಕಾಯದೆಯು ರೈತನ ಪತ್ರಗಳು ಗ್ರಾಮ ರಿಜಿಸ್ಟ್ರಾರನ ಎದುರಿಗೇ ಬರೆಯಲ್ಪಡಬೇಕೆಂದು ವಿಧಿಸಿದ್ದು ಈ ಕಾರಣದಿಂದ.

1950ರ ಕಾಯದೆಯಿಂದ ಕುಲಕರ್ಣಿ ವತನ ರದ್ದಾಗಿ ತಲಾಠಿ ಬಂದರು. ಕಚೇರಿಯ ಎದುರು ಬೇವಿನ ಗಿಡದ ನೆರಳಿಗೆ ಸಣ್ಣ ಮೇಜು ಇಟ್ಟುಕೊಂಡು ಅರ್ಜಿ ಬರೆಯುವವರು, ಬಾಂಡ್ ರೈಟರುಗಳು ನಮ್ಮ ತಾಲೂಕು ಸ್ಥಳಗಳಲ್ಲಿ ಪರಿಚಿತ ಮುಖಗಳಾದರು. ಹಳ್ಳಿಯಲ್ಲಿ ಆ ಕೆಲಸ ನಮ್ಮಂಥ ಮಾಸ್ತರರ ಪಾಲಿಗೆ ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕುಳಿತು ನಾನು ಬರೆದುಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. “ಗುರುಗಳ, ಇನ್ನೊಮ್ಮೆ ಓದಿ ಹೇಳ್ರಿ” ಎನ್ನುತ್ತಿದ್ದ ಹಿರಿಯರ ಎಚ್ಚರವನ್ನು ನಾನು ಇಂದಿಗೂ ಗೌರವಿಸುತ್ತೇನೆ.

ಬರಹಗಾರನ ಕೈಯಲ್ಲಿ ಜನರ ಬದುಕೇ ನಿಂತ ಕಾಲವೆಂದರೆ 1974ರ ಭೂಸುಧಾರಣೆಯದು. ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರಕಾರಕ್ಕೆ ಸೇರಿದವು. ಉಳುವವನು ಒಡೆಯನಾಗಲು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಗಡುವು ಹಲವು ಸಲ ಮುಂದೆ ಹೋಗಿ, ಕೊನೆಗೆ 30 ಜೂನ್ 1979ಕ್ಕೆ ಮುಗಿಯಿತು. ಭೂನ್ಯಾಯ ಮಂಡಳಿಯ ಮುಂದೆ ಆಗ ವಕೀಲರಿಗೆ ಪ್ರವೇಶವಿರಲಿಲ್ಲ. ಆ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯ ತೆಗೆದುಹಾಕಿದ್ದು 1987ರಲ್ಲಿ. ಹೀಗಾಗಿ ಓದು ಬಾರದ ಗೇಣಿದಾರನಿಗೆ ಅರ್ಜಿ ಬರೆದವನೇ ದೊಡ್ಡ ಆಸರೆ. ಸರ್ವೇ ನಂಬರಿನ ಒಂದು ಅಂಕಿ, ಹಿಸ್ಸೆಯ ಒಂದು ಗುರುತು ತಪ್ಪಿದರೂ ತಲೆಮಾರುಗಳಿಂದ ಉತ್ತ ಎರೆಹೊಲ ಕೈತಪ್ಪುವ ಭಯ. ಸರಿಯಾಗಿ ಬರೆದುಕೊಟ್ಟವರ ಹೆಸರು ಯಾವ ಆದೇಶದಲ್ಲೂ ಇಲ್ಲ. ಹೊಲಗಳು ಮಾತ್ರ ಇವೆ.

2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಕೈಬರಹದ ಉತಾರ ಹೋಗಿ ಗಣಕಯಂತ್ರದ ಪಹಣಿ ಬಂತು. ಈಗ ಅರ್ಜಿಗಳೂ ಜಾಲದ ಮೂಲಕ ಹೋಗುತ್ತವೆ. ಆದರೂ ಝೆರಾಕ್ಸ್ ಅಂಗಡಿಯ ಹುಡುಗನ ಮುಂದೆ ನಿಂತು “ನಂದಷ್ಟು ತುಂಬಿಕೊಡಪಾ” ಎನ್ನುವವರು ಇದ್ದೇ ಇದ್ದಾರೆ. ಮೇಜು ಬದಲಾಗಿದೆ, ಅವಲಂಬನೆ ಬದಲಾಗಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಚೇರಿಗಳಲ್ಲಿ ಇದ್ದೀರಿ. ಹೆಬ್ಬೆಟ್ಟು ಒತ್ತಿಸುವ ಮೊದಲು ಒಮ್ಮೆ ಪೂರ್ತಿ ಓದಿ ಹೇಳಿರಿ. ಬಂಧುಗಳಲ್ಲಿ ಇನ್ನೊಂದು ವಿನಂತಿ: ಅಟ್ಟದ ಮೇಲಿನ ಟ್ರಂಕಿನಲ್ಲಿ ಮೋಡಿ ಅಕ್ಷರದ ಕಾಗದಗಳಿದ್ದರೆ ರದ್ದಿಗೆ ಹಾಕಬೇಡಿರಿ. ಆ ಲಿಪಿ ಓದಬಲ್ಲವರು ವಿರಳರಾಗುತ್ತಿದ್ದಾರೆ. ಅವರಿರುವಾಗಲೇ ಓದಿಸಿ, ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಬರೆದಿಡಿರಿ. ಕೊನೆಗೆ ನಿಮ್ಮ ಹೆಸರನ್ನೂ ಹಾಕಿರಿ.