ಹೋಬಳಿ ಮಟ್ಟದ ಗಣಕಗಳ ಅಪ್‌ಡೇಟ್ ದಾಖಲೆ: ದಿನಾಂಕ ವ್ಯತ್ಯಾಸಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಒಂದು ಹೋಬಳಿ ಕೇಂದ್ರ. ಇಂಥ ಊರುಗಳಲ್ಲಿ ನಾಡಕಚೇರಿ, ಗ್ರಾಮ ಪಂಚಾಯಿತಿ, ಶಾಲೆ, ಸಹಕಾರ ಸಂಘ ಇವೆಲ್ಲ ಗಣಕಗಳನ್ನು ಬಳಸುತ್ತವೆ. ಆ ಗಣಕಗಳು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಅನುದಾನಗಳಲ್ಲಿ ಬಂದಿರುವುದೇ ಹೆಚ್ಚು. ಆದ್ದರಿಂದ ಒಂದೇ ಕೊಠಡಿಯಲ್ಲಿ ಎರಡು ಮೂರು ತಲೆಮಾರಿನ ಆಪರೇಟಿಂಗ್ ಸಿಸ್ಟಮ್‌ಗಳು ಇರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಸಣ್ಣದು: 'ಎಲ್ಲ ಗಣಕಗಳೂ ಒಂದೇ ಅಪ್‌ಡೇಟ್ ಮಟ್ಟದಲ್ಲಿವೆ' ಎಂದು ವಹಿಯಲ್ಲಿ ಬರೆಯಬೇಕಾದರೆ ಯಾವ ಪುರಾವೆ ಸಾಕು? ಇದು ಯಾವುದೇ ಕಚೇರಿಯ ಸಮೀಕ್ಷೆಯಲ್ಲ. ತಯಾರಕರು ಪ್ರಕಟಿಸಿದ ದಿನಾಂಕಗಳನ್ನೂ ಗಣಕವೇ ಬರೆದುಕೊಳ್ಳುವ ದಾಖಲೆಗಳನ್ನೂ ಎದುರುಬದುರು ಇಟ್ಟು ನೋಡಿದ್ದರ ಫಲ.

2. 'ಬಿಡುಗಡೆ' ಎಂಬ ದಿನ ಒಂದೇ ಅಲ್ಲ

ವಿಂಡೋಸ್ ಎಕ್ಸ್‌ಪಿಯ ಮೂರನೆಯ ಸರ್ವಿಸ್ ಪ್ಯಾಕ್‌ಗೆ ಕನಿಷ್ಠ ಮೂರು ದಿನಾಂಕಗಳು ದಾಖಲಾಗಿವೆ. ತಯಾರಿಕೆಗೆ ಒಪ್ಪಿಸಿದ್ದು 21 ಏಪ್ರಿಲ್ 2008. ಸಾರ್ವಜನಿಕರು ಇಳಿಸಿಕೊಳ್ಳಲು ಸಿಕ್ಕಿದ್ದು 6 ಮೇ 2008. ಸ್ವಯಂಚಾಲಿತ ಅಪ್‌ಡೇಟ್ ಮೂಲಕ ಹಂಚಿಕೆ ಆರಂಭವಾದದ್ದು 10 ಜುಲೈ 2008. ಮೊದಲನೆಯದಕ್ಕೂ ಕೊನೆಯದಕ್ಕೂ 80 ದಿನಗಳ ಅಂತರ. ವಿಂಡೋಸ್ 7ರ ಮೊದಲ ಸರ್ವಿಸ್ ಪ್ಯಾಕ್‌ನಲ್ಲಿ ಅಂತರ ಇಷ್ಟು ದೊಡ್ಡದಲ್ಲ: ತಯಾರಿಕೆಗೆ 9 ಫೆಬ್ರುವರಿ 2011, ಸಾರ್ವಜನಿಕರಿಗೆ ಅದೇ ತಿಂಗಳ 22.

ವಹಿಯಲ್ಲಿ 'ಎಸ್‌ಪಿ 3, 2008' ಎಂದಷ್ಟೇ ಇದ್ದರೆ ಈ ಮೂರರಲ್ಲಿ ಯಾವುದು ಉದ್ದಿಷ್ಟ ಎಂದು ಹೇಳಲಾಗದು. ಗಣಕಕ್ಕೆ ಅದು ಸಿ.ಡಿ. ಮೂಲಕ ಬಂತೋ ಅಂತರಜಾಲದ ಮೂಲಕ ಬಂತೋ ಎಂಬುದು ಗೊತ್ತಾದರೆ ಊಹೆಗೆ ಸ್ವಲ್ಪ ಆಧಾರ ಸಿಗಬಹುದು.

3. ಮಂಗಳವಾರ ಮತ್ತು ಬುಧವಾರ

ಮೈಕ್ರೋಸಾಫ್ಟ್ ಅಕ್ಟೋಬರ್ 2003ರಿಂದ ಭದ್ರತಾ ಅಪ್‌ಡೇಟ್‌ಗಳನ್ನು ತಿಂಗಳ ಎರಡನೆಯ ಮಂಗಳವಾರ ಕೊಡುತ್ತ ಬಂದಿದೆ. ರೂಢಿಯ ಸಮಯ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ 10 ಗಂಟೆ. ನಮ್ಮ ಗಡಿಯಾರದಲ್ಲಿ ಅದು ಅಲ್ಲಿನ ಬೇಸಿಗೆ ವೇಳೆಯ ತಿಂಗಳುಗಳಲ್ಲಿ ರಾತ್ರಿ 10.30, ಉಳಿದ ತಿಂಗಳುಗಳಲ್ಲಿ ರಾತ್ರಿ 11.30. ಸಂಜೆಗೆ ಬಾಗಿಲು ಹಾಕುವ ಕಚೇರಿಯ ಗಣಕಕ್ಕೆ ಅಪ್‌ಡೇಟ್ ಮುಟ್ಟುವುದು ಬೇಗವೆಂದರೆ ಬುಧವಾರ. ಹಾಗಾಗಿ ಪ್ರಕಟಣೆಯ ದಿನಾಂಕಕ್ಕೂ ಸ್ಥಳೀಯ ದಾಖಲೆಗೂ ಒಂದು ದಿನದ ವ್ಯತ್ಯಾಸ ಕಂಡರೆ ಅದನ್ನು ದೋಷವೆಂದು ಎಣಿಸಬೇಕಿಲ್ಲ.

ಇದಕ್ಕಿಂತ ತೊಡಕಿನದು ದಿನಾಂಕ ಬರೆಯುವ ಕ್ರಮ. ಗಣಕದಲ್ಲಿ ಸ್ಥಾಪಿತವಾದ ಅಪ್‌ಡೇಟ್‌ಗಳ ಪಟ್ಟಿಯನ್ನು ಆಜ್ಞಾಸಾಲಿನಿಂದ ತೆಗೆದರೆ ದಿನಾಂಕ ಸಾಮಾನ್ಯವಾಗಿ ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು ದಿನ ಆಮೇಲೆ, ಬರುತ್ತದೆ. ನಮ್ಮ ಕಚೇರಿಗಳಲ್ಲಿ ದಿನ ಮೊದಲು. ಮೇಲೆ ಹೇಳಿದ 6 ಮೇ 2008 ಅಲ್ಲಿ 5/6/2008 ಆಗುತ್ತದೆ. ನಕಲು ಮಾಡಿಕೊಳ್ಳುವ ಗುಮಾಸ್ತರು ಅದನ್ನು ಜೂನ್ 5 ಎಂದು ಓದಿದರೆ ಅವರನ್ನು ತಪ್ಪಿತಸ್ಥರೆನ್ನಲಾಗದು.

ಈ ಸಂದಿಗ್ಧಕ್ಕೆ ಗಣಿತದ ಒಂದು ಮಿತಿಯಿದೆ. ಎರಡನೆಯ ಮಂಗಳವಾರ 8ರಿಂದ 14ರ ಒಳಗೇ ಬೀಳುತ್ತದೆ. ಮರುದಿನದ ಬುಧವಾರ 9ರಿಂದ 15ರ ಒಳಗೆ. ದಿನದ ಸಂಖ್ಯೆ 13, 14 ಅಥವಾ 15 ಆಗಿದ್ದರೆ ಗೊಂದಲಕ್ಕೆ ಎಡೆಯಿಲ್ಲ, ಏಕೆಂದರೆ ಹದಿಮೂರನೆಯ ತಿಂಗಳಿಲ್ಲ. 9ರಿಂದ 12ರವರೆಗಿನ ಬುಧವಾರಗಳಲ್ಲಿ ಮಾತ್ರ ಎರಡು ಓದುಗಳು ಸಾಧ್ಯ. ಆಗಲೂ ಎರಡರಲ್ಲಿ ಯಾವ ಓದು ಆ ವರ್ಷದ ಎರಡನೆಯ ಮಂಗಳವಾರದ ಮರುದಿನಕ್ಕೆ ಹೊಂದುತ್ತದೆ ಎಂದು ಪಂಚಾಂಗ ನೋಡಿ ನಿರ್ಧರಿಸಬಹುದು. ಅಪ್‌ಡೇಟ್ ವಾರಗಟ್ಟಲೆ ತಡವಾಗಿ ಕೂತ ಗಣಕಗಳಿಗೆ ಈ ಪರೀಕ್ಷೆ ಅನ್ವಯಿಸದು.

4. ಕನ್ನಡ ಪಠ್ಯದಲ್ಲಿಯೇ ಕಾಣುವ ವ್ಯತ್ಯಾಸ

ಅಪ್‌ಡೇಟ್ ಮಟ್ಟ ಬೇರೆಯಾಗಿದೆ ಎಂಬುದಕ್ಕೆ ದಿನಾಂಕವಲ್ಲದೆ ಇನ್ನೊಂದು ಬಗೆಯ ಸಾಕ್ಷ್ಯವಿದೆ: ಪರದೆಯ ಮೇಲಿನ ಅಕ್ಷರ. ಈ ಭಾಗಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂದು ತೋರುತ್ತದೆ.

4.1. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಫಾಂಟ್ ಕಡತವೊಂದಿದ್ದರೆ ಯಾವ ಗಣಕದಲ್ಲಾದರೂ ಪಠ್ಯ ಬಹುತೇಕ ಒಂದೇ ರೀತಿ ಕಾಣುತ್ತಿತ್ತು. ಆಪರೇಟಿಂಗ್ ಸಿಸ್ಟಮ್‌ನ ಮಟ್ಟ ಅಷ್ಟಾಗಿ ಮುಖ್ಯವಾಗಿರಲಿಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ. ಒತ್ತಕ್ಷರ, ಗುಣಿತ, ಅರ್ಕಾವೊತ್ತುಗಳನ್ನು ಜೋಡಿಸುವ ಕೆಲಸವನ್ನು ವಿಂಡೋಸ್‌ನೊಳಗಿನ ಯೂನಿಸ್ಕ್ರೈಬ್ ಎಂಬ ಘಟಕ ಮಾಡುತ್ತದೆ, ಆ ಘಟಕ ಬದಲಾಗುವುದು ಸಿಸ್ಟಮ್ ಬದಲಾದಾಗ. ಯೂನಿಕೋಡ್‌ಗೆ ಬಂದದ್ದರಿಂದ ಕನ್ನಡ ಕಡತಗಳಿಗೆ ಆದ ಲಾಭ ಅಪಾರ. ಅದರ ಜೊತೆಗೆ ಕನ್ನಡದ ಪಠ್ಯರೂಪ ಸಿಸ್ಟಮ್‌ನ ಮಟ್ಟಕ್ಕೆ ಅಂಟಿಕೊಂಡಿತು ಎಂಬುದನ್ನೂ ಗುರುತಿಸಬೇಕು.

4.2. ವಿಂಡೋಸ್ 2000ದಲ್ಲಿ ಕನ್ನಡ ಲಿಪಿಗೆ ಬೆಂಬಲವಿರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂತು. 2012ರ ವಿಂಡೋಸ್ 8ರಲ್ಲಿ ನಿರ್ಮಲಾ ಯುಐ ಬಂತು. ವಿಂಡೋಸ್ 10ರಲ್ಲಿ ತುಂಗಾ ತಾನಾಗಿ ಇರುವುದಿಲ್ಲ. ಕನ್ನಡದ ಪೂರಕ ಫಾಂಟ್‌ಗಳು ಎಂಬ ಐಚ್ಛಿಕ ಭಾಗದಲ್ಲಿ ಸೇರಿದೆ. ವಿಂಡೋಸ್ 7ರಲ್ಲಿ ತುಂಗಾದಲ್ಲಿ ಸಿದ್ಧಪಡಿಸಿದ ನಡವಳಿ ಪುಸ್ತಕದ ಪುಟವನ್ನು ವಿಂಡೋಸ್ 10ರಲ್ಲಿ ತೆರೆದರೆ ಬೇರೆ ಫಾಂಟ್ ಕೂತು ಸಾಲುಗಳು ಸರಿಯುವ ಸಂಭವವಿದೆ. ಪುಟಸಂಖ್ಯೆ ಉಲ್ಲೇಖಿಸುವ ಕಡತಗಳಲ್ಲಿ ಇದು ಅಲ್ಪ ವಿಷಯವಲ್ಲ.

4.3. ರೂಪಾಯಿ ಚಿಹ್ನೆ ಹೆಚ್ಚು ನಿಖರವಾದ ಗುರುತು. ಕೇಂದ್ರ ಸಂಪುಟದ ಒಪ್ಪಿಗೆ 15 ಜುಲೈ 2010, ಯೂನಿಕೋಡ್ 6.0ರಲ್ಲಿ ಸೇರ್ಪಡೆ ಅದೇ ವರ್ಷದ ಅಕ್ಟೋಬರ್. ದಶಮಾನ ಸಂಖ್ಯೆ 8377. ವಿಸ್ಟಾ, ವಿಂಡೋಸ್ 7 ಮತ್ತು ಅವುಗಳ ಜೊತೆಯ ಸರ್ವರ್ ಆವೃತ್ತಿಗಳಿಗೆ ಇದನ್ನು ತಂದ ಅಪ್‌ಡೇಟ್ ಕೆಬಿ 2496898, ದಿನಾಂಕ 18 ಮೇ 2011. ಈ ಪಟ್ಟಿಯಲ್ಲಿ ಎಕ್ಸ್‌ಪಿ ಇಲ್ಲ. 18 ಮೇ 2011 ಬುಧವಾರ, ಅದೂ ತಿಂಗಳ ಮೂರನೆಯ ವಾರ. ಅಂದರೆ ಇದು ಭದ್ರತಾ ಅಪ್‌ಡೇಟ್‌ಗಳ ಮಾಮೂಲಿ ಸರಣಿಯ ಹೊರಗಿನದು. ಭದ್ರತಾ ಅಪ್‌ಡೇಟ್‌ಗಳನ್ನು ಮಾತ್ರ ಆರಿಸಿ ಹಾಕಿಕೊಂಡ ವಿಂಡೋಸ್ 7 ಗಣಕದಲ್ಲಿ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ ಕಂಡಿದ್ದರೆ ಅದಕ್ಕೆ ಇದು ಒಂದು ವಿವರಣೆ ಆಗಬಹುದು.

4.4. ಹಳೇಬೀಡು, ಬೇಲೂರು, ಅರಸೀಕೆರೆ ಸುತ್ತಿನ ಶಾಸನಪಾಠಗಳನ್ನು ಗಣಕಕ್ಕೆ ಏರಿಸುವವರಿಗೆ ಸಂಬಂಧಿಸಿದ ಒಂದು ಅಂಶ. ಹಳಗನ್ನಡದ ೞ (3294) ಯೂನಿಕೋಡ್‌ನಲ್ಲಿ ಮೊದಲಿನಿಂದ ಇದೆ. ಅದರ ಅಧಿಕೃತ ಹೆಸರು ತಪ್ಪಾಗಿ 'ಫ' ಎಂದು ಸೇರಿಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವಾದ್ದರಿಂದ ತಿದ್ದುಪಡಿಯನ್ನು ಪರ್ಯಾಯ ಹೆಸರಾಗಿ ಕೊಡಲಾಗಿದೆ. ಸ್ವರವಿಲ್ಲದ ನಕಾರವನ್ನು ಸೂಚಿಸುವ ನಕಾರ ಪೊಲ್ಲು (3293) ಸೇರಿದ್ದು ಯೂನಿಕೋಡ್ 14.0ರಲ್ಲಿ, ಸೆಪ್ಟೆಂಬರ್ 2021. ವಿಂಡೋಸ್ 7ರ ಸಾಮಾನ್ಯ ಬೆಂಬಲ 14 ಜನವರಿ 2020ರಂದೇ ಮುಗಿದಿತ್ತು. ಆದ್ದರಿಂದ ಆ ಸಿಸ್ಟಮ್‌ನ ಸ್ವಂತ ಫಾಂಟ್‌ಗಳಲ್ಲಿ ನಕಾರ ಪೊಲ್ಲು ಇರಲಾರದು. ಒಂದೇ ಶಾಸನವನ್ನು ಇಬ್ಬರು ಎರಡು ಗಣಕಗಳಲ್ಲಿ ಪರಿಶೀಲಿಸುವಾಗ ಕಾಣದ ಅಕ್ಷರವನ್ನು ಪಾಠಾಂತರವೆಂದೋ ಅಕ್ಷರಲೋಪವೆಂದೋ ಗುರುತು ಹಾಕುವ ಮೊದಲು ಎರಡೂ ಗಣಕಗಳ ಮಟ್ಟವನ್ನು ನೋಡುವುದು ಅಗತ್ಯ.

5. ಒಟ್ಟುಗೂಡಿಸುವ ವಿಧಾನಗಳು

ಎಕ್ಸ್‌ಪಿ ಕಾಲದಲ್ಲಿ ಸರ್ವಿಸ್ ಪ್ಯಾಕನ್ನು ಸ್ಥಾಪನಾ ಕಡತಗಳಲ್ಲೇ ಬೆರೆಸಿ ಹೊಸ ಸಿ.ಡಿ. ಬರೆಯಲು ಸಾಧ್ಯವಿತ್ತು. ವಿಂಡೋಸ್ 7ಕ್ಕೆ 17 ಮೇ 2016ರಂದು ಪ್ರಕಟವಾದ ಕೆಬಿ 3125574 ಎಂಬ ಸಂಚಯವು ಮೊದಲ ಸರ್ವಿಸ್ ಪ್ಯಾಕ್‌ನ ನಂತರ ಏಪ್ರಿಲ್ 2016ರವರೆಗೆ ಬಂದ ಹೆಚ್ಚಿನ ಅಪ್‌ಡೇಟ್‌ಗಳನ್ನು ಒಂದೇ ಕಡತದಲ್ಲಿ ಕಟ್ಟಿಕೊಟ್ಟಿತು. ಅದು ಕೂರಬೇಕಾದರೆ ಏಪ್ರಿಲ್ 2015ರ ಕೆಬಿ 3020369 ಮೊದಲೇ ಇರಬೇಕು. ಈ ಪೂರ್ವಾಪೇಕ್ಷೆ ವಹಿಗಳಲ್ಲಿ ಬಿಟ್ಟುಹೋಗುವ ಸಾಧ್ಯತೆ ಹೆಚ್ಚು.

ಅಕ್ಟೋಬರ್ 2016ರಿಂದ ವಿಂಡೋಸ್ 7 ಮತ್ತು 8.1ಕ್ಕೂ ತಿಂಗಳ ಅಪ್‌ಡೇಟ್‌ಗಳು ಬಿಡಿಬಿಡಿಯಾಗಿ ಬರುವುದು ನಿಂತು ಒಟ್ಟು ಕಂತುಗಳಾಗಿ ಬರತೊಡಗಿದವು. ದಾಖಲೆಯ ದೃಷ್ಟಿಯಿಂದ ಇದು ಒಂದು ಗಡಿ. ಅದಕ್ಕೆ ಹಿಂದಿನ ಗಣಕದ ಸ್ಥಿತಿ ಹೇಳಲು ಉದ್ದನೆಯ ಪಟ್ಟಿ ಬೇಕು. ಮುಂದಿನದಕ್ಕೆ, ಬಹುಮಟ್ಟಿಗೆ, ಒಂದು ಸಂಖ್ಯೆ ಸಾಕು. ವಿಂಡೋಸ್ 10ರ ಕೊನೆಯ ಆವೃತ್ತಿಯಲ್ಲಿ ಬಿಲ್ಡ್ 19045 ಎಂಬುದು ಆವೃತ್ತಿಯನ್ನೂ, ಚುಕ್ಕೆಯ ನಂತರದ ಅಂಕಿ ಅಪ್‌ಡೇಟ್ ಮಟ್ಟವನ್ನೂ ಹೇಳುತ್ತದೆ.

ಹಲವು ಗಣಕಗಳಿಗೆ ಒಂದೆಡೆಯಿಂದ ಹಂಚುವ ಡಬ್ಲ್ಯುಎಸ್‌ಯುಎಸ್ ಸರ್ವರ್ ಜೂನ್ 2005ರಲ್ಲಿ ಬಂತು. 20 ಸೆಪ್ಟೆಂಬರ್ 2024ರಂದು ಅದನ್ನು ಇನ್ನು ಮುಂದೆ ಬೆಳೆಸುವುದಿಲ್ಲವೆಂದು ತಯಾರಕರು ಪ್ರಕಟಿಸಿದರು. ಕೆಲಸ ನಿಲ್ಲಿಸಲಾಗಿದೆ ಎಂಬುದು ಇದರ ಅರ್ಥವಲ್ಲ. ಈ ಸರ್ವರ್‌ನ ಎಣಿಕೆಯನ್ನು ನೆಚ್ಚುವಾಗ ಒಂದು ಎಚ್ಚರಿಕೆ ಬೇಕು. ಒಂದು ಗಣಕದ ಡಿಸ್ಕನ್ನು ಯಥಾವತ್ತಾಗಿ ನಕಲು ಮಾಡಿ ಉಳಿದವುಗಳಿಗೆ ಹಾಕಿದ್ದರೆ ಸರ್ವರ್ ಗುರುತಿಸುವ ಸಂಖ್ಯೆಯೂ ನಕಲಾಗುತ್ತದೆ. ಆಗ ದಾಸ್ತಾನು ವಹಿಯಲ್ಲಿ ಎಂಟು ಗಣಕಗಳಿದ್ದರೂ ಸರ್ವರ್‌ನ ಪಟ್ಟಿಯಲ್ಲಿ ಒಂದೇ ಸಾಲು ಕಾಣಬಹುದು, ಹೆಸರು ಮಾತ್ರ ದಿನಕ್ಕೊಂದು. 'ನೂರಕ್ಕೆ ನೂರು ಪೂರ್ಣ' ಎಂಬ ವರದಿ ಅಂಥ ಸಂದರ್ಭದಲ್ಲಿ ಒಂದೇ ಗಣಕದ ವರದಿ.

6. ಕಾಸರಗೋಡಿನ ಹೋಲಿಕೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಕೇರಳದ ಐಟಿ@ಸ್ಕೂಲ್ ಯೋಜನೆಯ ವ್ಯಾಪ್ತಿಯಲ್ಲಿವೆ. 2017ರಿಂದ ಅದರ ಹೆಸರು ಕೈಟ್. ಅಲ್ಲಿ ವಿಧಾನ ಬೇರೆ: ಉಬುಂಟು ಆಧಾರಿತ ಒಂದೇ ಸಿಸ್ಟಮ್ ಅನ್ನು ರಾಜ್ಯದ ಶಾಲೆಗಳಿಗೆಲ್ಲ ಸಿದ್ಧಪಡಿಸಿ ಕೊಡಲಾಗುತ್ತದೆ. 2019ರ 18.04 ಆವೃತ್ತಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಉದ್ದೇಶಿತವಾಗಿತ್ತು. ಏಕರೂಪತೆಯಲ್ಲಿ ಇದಕ್ಕೆ ಸಮನಾದದ್ದು ನಮ್ಮ ಸುತ್ತ ವಿರಳ.

ದಿನಾಂಕದ ತೊಡಕು ಇಲ್ಲಿಯೂ ತಪ್ಪಿಲ್ಲ. 18.04 ಎಂದರೆ 2018ರ ಏಪ್ರಿಲ್; ಮೂಲ ಉಬುಂಟು ಬಿಡುಗಡೆಯಾದದ್ದು ಆ ತಿಂಗಳ 26ರಂದು. ಐದು ವರ್ಷಗಳ ಸಾಮಾನ್ಯ ಬೆಂಬಲವನ್ನು ಎಣಿಸುವುದು ಅಲ್ಲಿಂದ. ಶಾಲೆಯ ಆವೃತ್ತಿ ಬರುವ ಹೊತ್ತಿಗೆ ಸುಮಾರು ಒಂದು ವರ್ಷ ಕಳೆದಿತ್ತು. 22.04ರಲ್ಲಿ ಅಂತರ ಇನ್ನೂ ಹೆಚ್ಚು: ಮೂಲದ್ದು 21 ಏಪ್ರಿಲ್ 2022, ಶಾಲೆಯದು 2024.

7. ತಡದ ಬೆಲೆ

ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಅಪ್‌ಡೇಟ್ ಬಂದದ್ದು 14 ಮಾರ್ಚ್ 2017, ಎರಡನೆಯ ಮಂಗಳವಾರ. ದಾಳಿ ಆರಂಭವಾದದ್ದು 12 ಮೇ 2017, ಶುಕ್ರವಾರ. ನಡುವೆ 59 ದಿನ. ಮೇ 15ರ ಸೋಮವಾರ ವಯನಾಡಿನ ತರಿಯೋಡ್ ಗ್ರಾಮ ಪಂಚಾಯಿತಿ ಕಚೇರಿಯ ಗಣಕಗಳು ಬಾಧಿತವಾದ ವರದಿ ಬಂತು. ನಡುವಿನ ಎರಡು ದಿನಗಳು ಎರಡನೆಯ ಶನಿವಾರ ಮತ್ತು ಭಾನುವಾರ. ಜಗತ್ತಿನಾದ್ಯಂತ ಬಾಧಿತವಾದವುಗಳಲ್ಲಿ ಬಹುಪಾಲು ವಿಂಡೋಸ್ 7 ಎಂದು ಕ್ಯಾಸ್ಪರ್‌ಸ್ಕಿ ಸಂಸ್ಥೆ ಆಗ ಅಂದಾಜಿಸಿತು. ವಿಂಡೋಸ್ 7 ಆಗ ಬೆಂಬಲದಲ್ಲಿತ್ತು. ಹಾಗಾದರೆ ಕೊರತೆ ಇದ್ದದ್ದು ಅಪ್‌ಡೇಟ್‌ನ ಲಭ್ಯತೆಯಲ್ಲಿ ಅಲ್ಲ, ಸ್ಥಾಪನೆಯಲ್ಲಿ ಎಂದು ಹೇಳುವುದು ಸಮಂಜಸ. ಪಂಚಾಯಿತಿಯಂಥ ಸಣ್ಣ ಕಚೇರಿಗೂ ಈ ಅಂತರ ಅನ್ವಯಿಸುತ್ತದೆ ಎಂಬುದಕ್ಕೆ ತರಿಯೋಡ್ ಸಾಕ್ಷಿ.

8. ವಹಿಯ ನಮೂನೆ

ಮೇಲಿನ ಹೋಲಿಕೆಗಳಿಂದ ಇಷ್ಟನ್ನು, ಮಿತಿಗಳೊಡನೆ, ಹೇಳಬಹುದು. ಬಿಡುಗಡೆ ದಿನಾಂಕ ಅಪ್‌ಡೇಟ್ ಮಟ್ಟಕ್ಕೆ ಪುರಾವೆಯಲ್ಲ. ಸ್ಥಾಪನಾ ದಿನಾಂಕ ಭಾಗಶಃ ಪುರಾವೆ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆದಿದ್ದರೆ ಅದರ ಬೆಲೆ ಹೆಚ್ಚುತ್ತದೆ. ಪೂರ್ಣ ಬಿಲ್ಡ್ ಸಂಖ್ಯೆಯನ್ನು ಆಯಾ ಗಣಕದ ಪರದೆಯಿಂದಲೇ ಓದಿ ದಾಸ್ತಾನು ಸಂಖ್ಯೆಯ ಎದುರು ಬರೆದದ್ದು ಸದ್ಯಕ್ಕೆ ಅತ್ಯಂತ ನೆಚ್ಚಬಹುದಾದ ನಮೂದು. ಅದರ ಪಕ್ಕದಲ್ಲಿ ರೂಪಾಯಿ ಚಿಹ್ನೆ, ತುಂಗಾ, ನಕಾರ ಪೊಲ್ಲು ಈ ಮೂರೂ ಕಾಣುತ್ತವೆಯೇ ಎಂಬ ಒಂದು ಅಂಕಣವಿದ್ದರೆ ಕನ್ನಡ ಕಡತಗಳನ್ನು ನೋಡಿಕೊಳ್ಳುವವರಿಗೆ ಅನುಕೂಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ರಂದು ಮುಗಿದಿದೆ. ಹಳೆಯ ಗಣಕಗಳು ವಿಲೇವಾರಿಯಾಗುವಾಗ ಅವುಗಳ ದಾಸ್ತಾನು ವಹಿ, ಸ್ಥಾಪನಾ ಸಿ.ಡಿ., ದುರಸ್ತಿ ಚೀಟಿಗಳೂ ರದ್ದಿಗೆ ಹೋಗುವುದು ವಾಡಿಕೆ. ಕಣಕಟ್ಟೆ ಸುತ್ತಿನ ಕಚೇರಿ, ಶಾಲೆ, ಸಂಘಗಳಲ್ಲಿ 2001ರಿಂದೀಚಿನ ಅಂಥ ಕಾಗದಗಳು ಉಳಿದಿದ್ದರೆ ಅವನ್ನು ಗಣಕಗಳ ಜೊತೆ ಹೊರಹಾಕದೆ ಬೇರೆಯಾಗಿ ಕಟ್ಟಿ ಇಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.