ಗಡಿ ಸೀಮೆಯ ಹಳೆಯ ಗಾಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಹಳೆಯ ಕಾರು ನೋಡಲು ಹೋದವರು ರೇಟು ಕೇಳುವುದಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದಿದೆ: ‘ಪಾಸಿಂಗ್ ಯಾವುದು?’ ಮೈಸೂರು, ಮಂಗಳೂರಿನವರಿಗೆ ಈ ಮಾತು ಥಟ್ಟನೆ ತಿಳಿಯಲಿಕ್ಕಿಲ್ಲ. ಗಾಡಿ ನೋಂದಣಿಯಾದದ್ದು ಚಿಕ್ಕೋಡಿಯ ಕೆಎ 23ರಲ್ಲೋ ಅಥಣಿಯ ಕೆಎ 71ರಲ್ಲೋ, ಇಲ್ಲ ಗಡಿಯಾಚೆ ಕೊಲ್ಹಾಪುರದ ಎಂಎಚ್ 09, ಸಾಂಗಲಿಯ ಎಂಎಚ್ 10ರಲ್ಲೋ ಎಂಬುದು ಅದರ ತಿರುಳು. ಅದೇ ಕಂಪನಿ, ಅದೇ ವರ್ಷದ ಎರಡು ಗಾಡಿಗಳ ಬೆಲೆ ಈ ಎರಡಕ್ಷರದ ಮೇಲೆ ಬೇರೆಯಾಗುತ್ತದೆ. ನನ್ನ ವಾದ ಇಷ್ಟು: ಈ ಸೀಮೆಯಲ್ಲಿ ಮೊದಲು ಕೊಳ್ಳಬೇಕಾದದ್ದು ಕಾಗದವನ್ನು, ಆಮೇಲೆ ಗಾಡಿಯನ್ನು. ಆರ್‌ಟಿಒ ಕಚೇರಿಯ ಕಾಟಕ್ಕೆ ಹೆದರಿ ಹೇಳುವ ಮಾತಲ್ಲ ಇದು. ಇಲ್ಲಿಯ ಜನರ ಕೈಯಲ್ಲಿದ್ದ ಹಳೆಯ ವ್ಯಾಪಾರದ ವಿದ್ಯೆ ಎಂಥದು, ಅದು ಎಲ್ಲಿ ಸಾಲದೆ ಹೋಯಿತು ಎಂಬುದನ್ನು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ.

ಬಳಸಿದ್ದನ್ನು ಕೊಳ್ಳುವ ವಿದ್ಯೆ ಈ ನಾಡಿಗೆ ಮೋಟಾರಿನ ಜೊತೆ ಬಂದದ್ದಲ್ಲ. ಸಂತೆಗೆ ಬಂದ ಎತ್ತು ಬಹುಮಟ್ಟಿಗೆ ಸೆಕೆಂಡ್ ಹ್ಯಾಂಡ್ ಸರಕೇ. ಕೃಷ್ಣೆಯ ದಂಡೆಯ ಎರೆನೆಲಕ್ಕೆ ಭಾರದ ನೇಗಿಲು ಎಳೆಯುವ ಗಟ್ಟಿ ಎತ್ತು ಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗೀರ್, ಓಂಗೋಲ್, ಕಾಂಕ್ರೇಜ್ ರಕ್ತವನ್ನು ಸ್ಥಳೀಯ ದನಗಳೊಂದಿಗೆ ಬೆರೆಸಿ ಬೆಳೆಸಿದ ಕೃಷ್ಣಾ ಕಣಿವೆ ತಳಿ ಅದಕ್ಕೇ ಹುಟ್ಟಿತು. ಓಟಕ್ಕೂ ಬಂಡಿಗೂ ಖಿಲಾರಿ ಇತ್ತು. ಕೊಳ್ಳುವವನು ಮೊದಲು ಎತ್ತಿನ ಬಾಯಿ ತೆರೆಸುತ್ತಿದ್ದ. ಎರಡು ವರ್ಷ ದಾಟಿದ ಮೇಲೆ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬರುತ್ತವೆ; ಆಮೇಲೆ ನಾಲ್ಕು, ಆರು. ಎಂಟೂ ಬಂದು ಬಾಯಿಗೂಡುವ ಹೊತ್ತಿಗೆ ಐದರ ಆಸುಪಾಸು. ಅಲ್ಲಿಂದ ಮುಂದೆ ಹಲ್ಲು ಸುಳ್ಳು ಹೇಳಲು ಶುರು ಮಾಡುತ್ತದೆ, ಸವೆತ ನೋಡಿ ಅಂದಾಜು ಕಟ್ಟಬೇಕು. ಮಾರುವವನೂ ಸುಮ್ಮನೆ ಇರುತ್ತಿರಲಿಲ್ಲ. ಕೊಂಬು ಹೆರೆಸಿ, ಎಣ್ಣೆ ಸವರಿ, ಬಣ್ಣ ಬಳಿದು ಎತ್ತಿನ ಪ್ರಾಯವನ್ನು ಹಿಂದಕ್ಕೆ ತಳ್ಳುವುದು ಅವನ ಕಸಬು. ಇಂದು ಮೀಟರ್ ಹಿಂದಕ್ಕೆ ತಿರುವಿ, ಮೈಗೆ ಪಾಲಿಶ್ ಹೊಡೆಸಿ ನಿಲ್ಲಿಸುವವರು ಆ ಕಸಬನ್ನೇ ಮುಂದುವರಿಸಿದ್ದಾರೆ. ನಡೆಸಿ ನೋಡು, ಎಳೆಸಿ ನೋಡು, ಸುಳಿ ನೋಡು ಎಂಬ ಎಚ್ಚರಿಕೆಗಳೂ ಹಾಗೆಯೇ ಟ್ರಯಲ್ ಹೊಡೆಯುವುದಕ್ಕೆ ಬಂದು ನಿಂತಿವೆ. ಶುಭಾಶುಭ ಹೇಳುವ ಕೂದಲ ಸುಳಿಗೆ ಮಾತ್ರ ಕಾರಿನಲ್ಲಿ ಜಾಗವಿಲ್ಲ. ಆ ಕೊರತೆಯನ್ನು ನಂಬರ್ ಪ್ಲೇಟಿನ ಅಂಕಿ ಕೂಡಿಸುವವರು ತುಂಬಿದ್ದಾರೆ.

ಬೆಲೆ ಕುದುರುತ್ತಿದ್ದುದು ಟವೆಲ್ಲಿನ ಕೆಳಗೆ. ದಲಾಲಿ ಕೊಳ್ಳುವವನ ಕೈ ಹಿಡಿದು ಬೆರಳು ಒತ್ತುತ್ತಾನೆ, ಒಂದು ಬೆರಳಿಗೆ ಇಂತಿಷ್ಟು ಎಂದು ಮೊದಲೇ ಗೊತ್ತು, ಸುತ್ತ ನಿಂತವರಿಗೆ ಏನೂ ಕಾಣದು. ಬೆಳೆಯ ಪೇಟೆಗಳಲ್ಲೂ ನಡೆಯುತ್ತಿದ್ದ ಈ ಗುಟ್ಟಿನ ವ್ಯವಹಾರದ ಮೇಲೆ ಕಾನೂನಿನ ಕಣ್ಣು ಬಿತ್ತು. 1928ರಲ್ಲಿ ವರದಿ ಕೊಟ್ಟ ಕೃಷಿ ರಾಯಲ್ ಕಮಿಷನ್ ನಿಯಂತ್ರಿತ ಮಾರುಕಟ್ಟೆ ಬೇಕೆಂದಿತು. 1939ರಲ್ಲಿ ಮುಂಬೈ ಪ್ರಾಂತ್ಯದ ಕಾಯ್ದೆ, 1966ರಲ್ಲಿ ನಮ್ಮ ಎಪಿಎಂಸಿ ಕಾಯ್ದೆ ಬಂದು ಬೆಳೆಯ ಬೆಲೆಯನ್ನು ಟವೆಲ್ಲಿನಿಂದ ಬಹಿರಂಗ ಹರಾಜಿಗೆ ಎಳೆದವು. ಹಳೆಯ ಗಾಡಿಯ ದಲಾಲಿ ಮಾತ್ರ ಆ ಕಾಯ್ದೆಗಳ ಬಲೆಯ ಹೊರಗೆ ಬೆಳೆದ. ಮಾರುವವನಿಗೆ ಸಿಕ್ಕಿದ್ದೆಷ್ಟು, ಕೊಳ್ಳುವವನು ಕೊಟ್ಟದ್ದೆಷ್ಟು ಎಂಬುದರ ನಡುವಿನ ಅಂತರ ಈಗಲೂ ಟವೆಲ್ಲಿನ ಕೆಳಗೇ ಇದೆ, ಟವೆಲ್ಲಿನ ಬದಲು ಮೊಬೈಲ್.

ಆದರೂ ಆ ಸಂತೆಯನ್ನು ಬರೀ ಮೋಸದ ಕೂಟ ಎನ್ನಲಾಗದು. ದಲಾಲಿ ಮುಂದಿನ ವಾರ ಅದೇ ಸಂತೆಗೆ ಬರಬೇಕು, ಸಂಚಕಾರ ಕೊಟ್ಟಾಗ ನಿಂತ ಸಾಕ್ಷಿ ಊರಿನವನೇ. ಹಾಯುವ ಎತ್ತನ್ನು ಸಾಧು ಎಂದು ಮಾರಿದವನಿಗೆ ಮರುವಾರ ಮುಖ ತೋರಿಸುವುದು ಕಷ್ಟ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಲೇಖನ ಬರೆದ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ, ಆ ಬೆಲೆಗೆ ಒಳ್ಳೆಯ ಕಾರಿನವರು ಮಾರದೆ ಹಿಂದೆ ಸರಿಯುತ್ತಾರೆ, ಕೊನೆಗೆ ಪೇಟೆಯಲ್ಲಿ ಉಳಿಯುವುದು ಕಳಪೆ ಗಾಡಿ. ಮೂರು ಪತ್ರಿಕೆಗಳು ತಿರಸ್ಕರಿಸಿದ್ದ ಆ ಲೇಖನ ಮುಂದೆ 2001ರ ನೊಬೆಲ್ ಪ್ರಶಸ್ತಿಗೆ ದಾರಿಯಾಯಿತು. ಭಾರತದ ಹಳ್ಳಿಯ ಸಾಲದ ವ್ಯವಹಾರವೂ ಅದರಲ್ಲಿ ಉದಾಹರಣೆಯಾಗಿ ಬರುತ್ತದೆ: ಸಾಲಗಾರನನ್ನು ಹತ್ತಿರದಿಂದ ಬಲ್ಲ ಸಾಹುಕಾರ ಸಾಲ ಕೊಡಬಲ್ಲ, ಹೊರಗಿನವನು ಕೊಟ್ಟರೆ ಕೈ ಸುಟ್ಟುಕೊಳ್ಳುತ್ತಾನೆ. ನಮ್ಮ ಸಂತೆ ಆ ಒಳಗುಟ್ಟಿಗೆ ಹಲ್ಲು ಮತ್ತು ಸಾಕ್ಷಿ ಎಂಬ ಎರಡು ಮದ್ದು ಕಂಡುಕೊಂಡಿತ್ತು. ಎತ್ತಿಗೆ ಅವೆರಡೇ ಸಾಕಾಗುತ್ತಿದ್ದವು, ಏಕೆಂದರೆ ಹಗ್ಗ ಯಾರ ಕೈಗೆ ಹೋಯಿತೋ ಎತ್ತು ಅವನದು.

ಮೋಟಾರು ಕೆಡಿಸಿದ್ದು ಈ ಸರಳ ಲೆಕ್ಕವನ್ನು. ಹಗ್ಗ ಒಬ್ಬನ ಕೈಯಲ್ಲಿ, ಹೆಸರು ಇನ್ನೊಬ್ಬನದು ಎಂಬ ಸ್ಥಿತಿ ಗಾಡಿಯಲ್ಲಿ ಮಾತ್ರ ಸಾಧ್ಯ. 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇದಕ್ಕೆ ನಿಯಮವಿತ್ತು: ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಸ್ವಾತಂತ್ರ್ಯದ ನಂತರದ ಕೊರತೆಯ ಕಾಲ ಗಂಟನ್ನು ಇನ್ನಷ್ಟು ಬಿಗಿ ಮಾಡಿತು. ಹೊಸ ಕಾರಿಗೆ ವರ್ಷಗಟ್ಟಲೆ ಸರದಿ. ಕೆಲವೊಮ್ಮೆ ಹಳೆಯದಕ್ಕೇ ಹೊಸದಕ್ಕಿಂತ ಹೆಚ್ಚು ಬೆಲೆ. ಸರ್ಕಾರ 1959ರಲ್ಲಿ ಕಾರುಗಳ ಹಂಚಿಕೆ, ಮಾರಾಟಕ್ಕೆ ನಿಯಂತ್ರಣ ಆದೇಶ ಹೊರಡಿಸಿ, ಅನುಮತಿ ಇಲ್ಲದೆ ಹೊಸ ಕಾರನ್ನು ಬೇಗ ಮಾರದಂತೆ ಕಟ್ಟು ಹಾಕಿತು. ಇಂಥ ಕಟ್ಟು ಇದ್ದಲ್ಲಿ ಜನ ಗಾಡಿ ಕೊಟ್ಟು ಹೆಸರು ಉಳಿಸಿಕೊಳ್ಳುವುದನ್ನು ಕಲಿಯದೆ ಇರುವುದಿಲ್ಲ.

ಇಷ್ಟು ಎಲ್ಲ ಸೀಮೆಗಳ ಕಥೆ. ಈ ಸೀಮೆಯ ವಿಶೇಷ ಗಡಿ. 1948ರವರೆಗೆ ಇದು ಹರಿದು ಹಂಚಿದ ನಾಡು: ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿ, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿ, ಸುತ್ತಮುತ್ತ ಸಾಂಗಲಿ, ಮಿರಜ್, ಕುರುಂದವಾಡಗಳ ತುಣುಕುಗಳು. 1948ರ ಮಾರ್ಚಿನಲ್ಲಿ ಸಾಂಗಲಿ ಮೊದಲಾದವು, 1949ರ ಮಾರ್ಚಿನಲ್ಲಿ ಕೊಲ್ಹಾಪುರ ಮುಂಬೈಗೆ ಸೇರಿದ ಮೇಲೆ ಏಳು ವರ್ಷ ಎಲ್ಲ ಒಂದೇ ರಾಜ್ಯ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಹಳೆಯ ಗೆರೆಗಳ ಬದಲು ಒಂದು ಹೊಸ ಗೆರೆ ಬಿತ್ತು. ಗೆರೆ ಬಿದ್ದರೂ ಪೇಟೆ ಕದಲಲಿಲ್ಲ. ಕಾಗವಾಡದವರಿಗೆ ಇಂದಿಗೂ ಬೆಳಗಾವಿಗಿಂತ ಮಿರಜ್ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಗಡಿಯಾಚೆಯಿಂದ ಬರುವ ಚಕ್ಕಡಿಗಳನ್ನು ಯಾವ ಚೆಕ್‌ಪೋಸ್ಟೂ ಪಾಸಿಂಗ್ ಕೇಳುವುದಿಲ್ಲ. ಕಾರಿಗೆ ಕೇಳುತ್ತದೆ.

ಏನು ಕೇಳುತ್ತದೆ ಎಂಬುದನ್ನು 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯ್ದೆ ಬಿಡಿಸಿ ಹೇಳಿದೆ. ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರು ತೆಗೆದುಕೊಳ್ಳಬೇಕು. ಅದಕ್ಕೆ ಮೂಲ ಕಚೇರಿಯ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕು. ಸಾಲವಿದ್ದರೆ ಎಚ್‌ಪಿ (ಸಾಲದ ನಮೂದು) ತೆಗೆಸಿದ ಫಾರ್ಮ್ 35 ಬೇಕು. ಹೆಸರು ಬದಲಿಗೆ ಫಾರ್ಮ್ 29, 30. ಆಜೀವ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಇಲ್ಲಿ ಮತ್ತೆ ಕಟ್ಟಿ, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸು ಕೇಳಬೇಕು. 2014ರಲ್ಲಿ ನಮ್ಮ ಸರ್ಕಾರ ತೆರಿಗೆ ಕಾಯ್ದೆ ತಿದ್ದಿ 30 ದಿನ ದಾಟಿದ ಹೊರರಾಜ್ಯದ ಗಾಡಿಗೇ ಆಜೀವ ತೆರಿಗೆ ಎಂದಿತು. 2016ರಲ್ಲಿ ಹೈಕೋರ್ಟು ಅದನ್ನು ಒಪ್ಪಲಿಲ್ಲ. ‘ಎಂಎಚ್ ಗಾಡಿ ಅಗ್ಗ’ ಎನ್ನುವವರು ಈ ಎಲ್ಲ ಖರ್ಚನ್ನೂ ಓಡಾಟವನ್ನೂ ಬೆಲೆಗೆ ಕೂಡಿಸಿ ಮಾತಾಡುವುದು ಅಪರೂಪ. ಕೂಡಿಸಿದ ಮೇಲೂ ಅಗ್ಗವಾದರೆ ಕೊಳ್ಳಲಿ, ಬೇಡ ಎನ್ನುವವರಾರು?

ಇದಕ್ಕೆ ಮೆಕ್ಯಾನಿಕ್ಕರ ತಕರಾರು ಇದ್ದದ್ದೇ: ಎಂಜಿನ್ ಕುಳಿತರೆ ಕಾಗದ ಗಾಡಿ ಎಳೆಯುತ್ತದೆಯೇ? ತಕರಾರು ಪೊಳ್ಳಲ್ಲ, ಇಲ್ಲಂತೂ ಅಲ್ಲ. 2005, 2019, 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಈ ತಾಲ್ಲೂಕುಗಳ ದಂಡೆಯ ಊರುಗಳು ಮುಳುಗಿದವು. ಕೊಲ್ಹಾಪುರ, ಸಾಂಗಲಿಯ ಪೇಟೆಗಳಿಗೂ ನೀರು ನುಗ್ಗಿತು. ನೀರು ಕುಡಿದ ಗಾಡಿಯನ್ನು ತೊಳೆದು ಮಾರುವುದು ಕಷ್ಟವಲ್ಲ, ಕಂಡುಹಿಡಿಯುವುದೂ ಕಷ್ಟವಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಒಳಗೆ ಸುತ್ತಿಕೊಂಡ ಭಾಗದಲ್ಲಿ ರೇವೆಯ ಕಂದು ಗೆರೆ ಕಾಣುತ್ತದೆ. ತೊಳೆಯುವವನು ಅಲ್ಲಿಯವರೆಗೆ ಎಳೆದಿರುವುದಿಲ್ಲ. ಸ್ಟೆಪ್ನಿಯ ಗುಂಡಿಯಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಮುಗ್ಗಲು ವಾಸನೆ. ಇದು ಹಲ್ಲು ನೋಡುವ ವಿದ್ಯೆಯೇ, ನೋಡಲೇಬೇಕು. ಆದರೆ ಎರಡು ನಷ್ಟಗಳನ್ನು ತೂಗಿ ನೋಡಿ. ಎಂಜಿನ್ ಕೈಕೊಟ್ಟರೆ ಹೆಚ್ಚೆಂದರೆ ಗಾಡಿಯ ಬೆಲೆಯಷ್ಟು ಹಾನಿ. ಹೆಸರು ಬದಲಾಗದ, ವಿಮೆ ಇಲ್ಲದ ಗಾಡಿ ಒಬ್ಬರನ್ನು ಕೊಂದರೆ ಪರಿಹಾರಕ್ಕೆ ಅಂಥ ಮೇಲ್ಮಿತಿ ಇಲ್ಲ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಆದದ್ದು ಇದೇ. 2009ರ ಅಪಘಾತದ ಹೊತ್ತಿಗೆ ಕಾರು ಹಲವು ಕೈ ದಾಟಿತ್ತು, ದಾಖಲೆಯಲ್ಲಿ ಮೊದಲಿನವನ ಹೆಸರೇ ಇತ್ತು. ಯಾರು ಯಾರಿಗೆ ಮಾರಿದರು ಎಂದು ಬೆನ್ನುಹತ್ತುವುದು ನೊಂದವರ ಕೆಲಸವಲ್ಲ, ನೋಂದಣಿಯಲ್ಲಿ ಹೆಸರಿದ್ದವನೇ ಮಾಲೀಕ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ಹೇಳಿತು. ಅಂದರೆ ಕಾಗದದ ಬಿಸಿ ಕೊಂಡವನಿಗಷ್ಟೇ ಅಲ್ಲ. ಹಣ ಎಣಿಸಿಕೊಂಡು, ಖಾಲಿ ಫಾರ್ಮಿಗೆ ಸಹಿ ಹಾಕಿಕೊಟ್ಟು ಮರೆತವನಿಗೆ ಅದು ಇನ್ನೂ ಹೆಚ್ಚು.

ಇನ್ನೊಂದು ಮಾತು: ‘ಪರಿಚಯದವರ ಗಾಡಿ, ಕಾಗದ ಆಮೇಲೆ ನೋಡೋಣ.’ ಎತ್ತಿನ ಸಂತೆಯ ಸಾಕ್ಷಿ ಇಲ್ಲಿ ಬಂದು ಕೂತಿದ್ದಾನೆ. ಆದರೆ ಆ ಸಾಕ್ಷಿಯ ಬಲ ಇದ್ದದ್ದು ಎಲ್ಲರೂ ಮರುವಾರ ಅದೇ ಸಂತೆಗೆ ಬರುವಲ್ಲಿ. ಇಚಲಕರಂಜಿಯಲ್ಲಿ ಹುಟ್ಟಿ, ಸಾಂಗಲಿಯ ಸೊಸೈಟಿಯಲ್ಲಿ ಸಾಲವಾಗಿ, ಉಗಾರದ ಕಬ್ಬಿನ ಬಿಲ್ಲಿನಲ್ಲಿ ಮಾರಾಟವಾಗಿ, ಅಥಣಿಯಲ್ಲಿ ನಿಂತ ಗಾಡಿಗೆ ಪರಿಚಯ ಕೊನೆಯ ಕೈಯದು ಮಾತ್ರ. ಎಚ್‌ಪಿ ಕಡಿತವಾಗದೆ ಉಳಿದದ್ದು ಎರಡನೆಯ ಕೈಯ ಕಾಲದ್ದಾದರೆ ಪರಿಚಯದವರು ಪ್ರಾಮಾಣಿಕರಾಗಿದ್ದೂ ಏನೂ ಮಾಡಲಾರರು. 2023ರ ಏಪ್ರಿಲ್ 1ರಿಂದ ಕೇಂದ್ರದ ನಿಯಮದಂತೆ ಅಧಿಕೃತ ಡೀಲರ್ ತನ್ನ ಸುಪರ್ದಿಗೆ ಬಂದ ಗಾಡಿಯ ಮಾಹಿತಿಯನ್ನು ನೋಂದಣಿ ಕಚೇರಿಗೆ ಕೊಡಬೇಕು, ಗಾಡಿ ಅವನ ಬಳಿ ಇರುವಷ್ಟು ದಿನ ಆತನೇ ಮಾಲೀಕ ಎಂದು ಲೆಕ್ಕ. ಟವೆಲ್ಲನ್ನು ಎತ್ತುವ ಪ್ರಯತ್ನವೇ ಇದು. ಚಹಾದಂಗಡಿಯಲ್ಲಿ ಕೂತು ಗಾಡಿ ಕೊಡಿಸುವ ಏಜೆಂಟನಿಗೆ ಮಾತ್ರ ಇದು ತಾಗುವುದಿಲ್ಲ.

ಹಾಗಾದರೆ ಹಲ್ಲೂ ಕಾಗದವೂ ಎಲ್ಲಿ ಕೂಡುತ್ತವೆ? ಗಡಿ ದಾಟುವ ಗಾಡಿಯ ಅರ್ಜಿಯ ಜೊತೆ ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ಕೊಡಬೇಕು. ಬಾನೆಟ್ ಎತ್ತಿ, ಗ್ರೀಸು ಒರೆಸಿ, ಕೊರೆದ ಅಂಕಿಗಳ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲ್ ಸೀಸವನ್ನು ಅಡ್ಡಡ್ಡ ಉಜ್ಜಿದರೆ ಒಂದೊಂದೇ ಅಕ್ಷರ ಬೆಳ್ಳಗೆ ಮೇಲೆ ಬರುತ್ತದೆ. ಅದನ್ನು ಆರ್‌ಸಿಯ ಪಕ್ಕ ಹಿಡಿದು ಒಂದೊಂದಾಗಿ ಓದಿ ನೋಡಬೇಕು. ಸಾಮಾನ್ಯವಾಗಿ ಏಜೆಂಟರ ಹುಡುಗ ಈ ಕೆಲಸ ಮುಗಿಸಿ ತರುತ್ತಾನೆ, ಅದೂ ಹಣ ಕೈ ಬದಲಾದ ಮೇಲೆ. ಸಂಚಕಾರ ಕೊಡುವ ಮೊದಲು ಕೊಳ್ಳುವವನೇ ಬಗ್ಗಿ ಮಾಡಿಕೊಂಡರೆ ಹಿಡಿಯುವುದು ಐದು ನಿಮಿಷ.